ಅವಮೋದರ್ಯವೂ ಮಧುಮೇಹಿಯ ಪಥ್ಯವೂ



ಶ್ರೀ ಪಾರ್ಶ್ವಜಿನೇಶ್ವರನ ಚರಣಗಳಿಗೆ ವಂದಿಸಿ, ವ್ರತೋಪವಾಸಗಳಲ್ಲಿ ಶ್ರದ್ಧೆಯುಳ್ಳ ಶ್ರಾವಕ ಶ್ರಾವಿಕೆಯರ ಮುಂದೆ ಈ ಕೆಲವು ಮಾತುಗಳನ್ನಿಡುತ್ತೇನೆ. ಇದನ್ನು ಉಪದೇಶವೆಂದು ಎಣಿಸಬೇಡಿ. ಉಪದೇಶ ಮಾಡುವ ಯೋಗ್ಯತೆಯನ್ನು ನಾನು ಎರಡು ವರ್ಷಗಳ ಹಿಂದೆ ಅನಂತ ಚತುರ್ದಶಿಯ ದಿನ ಕಳೆದುಕೊಂಡೆ. ಆ ದಿನದ ಕಥೆಯಿಂದಲೇ ಆರಂಭಿಸುವುದು ಉಚಿತ.

ನಾನಿರುವುದು ಚಾಮರಾಜನಗರದ ಸಮೀಪದ ಹರದನಹಳ್ಳಿಯಲ್ಲಿ. ದಿವ್ಯಲಿಂಗೇಶ್ವರನ ಗುಡಿಯಿಂದಲೂ ತೋಂಟದ ಸಿದ್ಧಲಿಂಗ ಯತಿಗಳ ಸ್ಮರಣೆಯಿಂದಲೂ ನಾಡಿನಲ್ಲಿ ಹೆಸರಾದ ಊರು ಇದು. ಮೂವತ್ತಕ್ಕೂ ಮಿಕ್ಕಿ ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದೆ. ವಯಸ್ಸು ಅರವತ್ತನಾಲ್ಕು. ಐದು ವರ್ಷಗಳಿಂದ ಮಧುಮೇಹವಿದೆ. ಬೆಳಿಗ್ಗೆ ಎರಡು ಮಾತ್ರೆ, ರಾತ್ರಿಯ ಬದಲು ಸೂರ್ಯಾಸ್ತಕ್ಕೆ ಮೊದಲು ಒಂದು. ಇದಲ್ಲದೆ ರಕ್ತದ ಒತ್ತಡಕ್ಕೆ ಇನ್ನೊಂದು. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವುದು ನನ್ನ ಇಪ್ಪತ್ತನೆಯ ವಯಸ್ಸಿನಿಂದ ಬಂದ ರೂಢಿ. ‘ಮೇಷ್ಟ್ರು ಉಪವಾಸದಲ್ಲಿ ಕಲ್ಲಿನಂಥವರು’ ಎಂದು ಜನ ಆಡುತ್ತಿದ್ದ ಮಾತು ಕಿವಿಗೆ ಇಂಪಾಗಿಯೇ ಇತ್ತು.

ವೈದ್ಯರು, ‘ಈ ಮಾತ್ರೆ ನುಂಗಿ ಊಟ ಬಿಡಬಾರದು, ಉಪವಾಸ ಮಾಡುವುದಿದ್ದರೆ ಮೊದಲೇ ತಿಳಿಸಿ’ ಎಂದು ಹೇಳಿದ್ದರು. ತಿಳಿಸಿದರೆ ಬೇಡವೆಂದಾರು ಎಂಬ ಭಯದಿಂದ ನಾನು ತಿಳಿಸಲಿಲ್ಲ. ಔಷಧ ಆಹಾರವಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಚತುರ್ದಶಿಯ ಬೆಳಿಗ್ಗೆ ಮಾತ್ರೆಗಳನ್ನು ನೀರಿನೊಡನೆ ನುಂಗಿ, ಅನ್ನವನ್ನು ಮಾತ್ರ ತ್ಯಜಿಸಿ ಬಸದಿಗೆ ಹೋದೆ. ಮಧ್ಯಾಹ್ನ ಪೂಜೆ ನಡೆಯುತ್ತಿರುವಾಗ ಮೈ ಬೆವರಿತು, ಕೈ ನಡುಗಿತು, ಮಂತ್ರದ ಅಕ್ಷರಗಳು ಕಲಸಿಹೋದವು. ಪಕ್ಕದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುರುತಿಸಿ ಸಕ್ಕರೆ ತಂದ. ನಾನು ಬಾಯಿ ಬಿಗಿಹಿಡಿದೆ. ಅದರಿಂದಾಚೆಗಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚದ ಮೇಲಿದ್ದೆ, ಕೈಗೆ ಗ್ಲೂಕೋಸ್ ಹನಿಯುತ್ತಿತ್ತು.

ಮರುದಿನ ನೋಡಲು ಬಂದವರೆಲ್ಲರಿಗೂ, ‘ಬಿಸಿಲಿನಿಂದ ತಲೆ ತಿರುಗಿತು’ ಎಂದೆ. ಅದು ಅಸತ್ಯ. ಅವರೆಲ್ಲರೂ ಹೋದ ಮೇಲೆ ನನ್ನ ಮನೆಯವರು ಹೇಳಿದ ಮಾತು ಮಾತ್ರ ಸತ್ಯ: ‘ನಿಮ್ಮ ಉಪಾಸದ ಪುಣ್ಯ ನಿಮಗೆ, ಆ ಎರಡು ಗಂಟೆ ನರಕ ನನಗೆ. ಇದು ಯಾವ ಶಾಸ್ತ್ರದಲ್ಲಿದೆ, ನೀವೇ ಓದಿ ಹೇಳಿ.’

ಓದಿ ನೋಡಿದೆ. ಯಾವ ಶಾಸ್ತ್ರದಲ್ಲೂ ಇರಲಿಲ್ಲ.

ಹಿಂಸೆಯೆಂದರೆ ಪ್ರಮಾದದಿಂದ ಪ್ರಾಣಗಳಿಗೆ ಮಾಡುವ ಘಾತ ಎಂದು ತತ್ತ್ವಾರ್ಥಸೂತ್ರ ಲಕ್ಷಣ ಹೇಳುತ್ತದೆ. ಅಲ್ಲಿ ಪರರ ಪ್ರಾಣವೆಂಬ ನಿರ್ಬಂಧವಿಲ್ಲ. ಎಚ್ಚರಗೇಡಿಯಾದವನು ಮೊದಲು ತನ್ನನ್ನೇ ಹಿಂಸಿಸಿಕೊಳ್ಳುತ್ತಾನೆ. ಇನ್ನು ತಪಸ್ಸಿನ ವಿಚಾರಕ್ಕೆ ಬಂದರೆ, ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣ ಸೇರಿಕೊಂಡಿದೆ. ನಮ್ಮ ಮಲೆಯೂರಿನ ಕನಕಗಿರಿಯನ್ನು ತಮ್ಮ ತಪೋಭೂಮಿಯಾಗಿ ಪಾವನಗೊಳಿಸಿದರೆಂದು ಪರಂಪರೆ ಕೊಂಡಾಡುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಎರಡು ಅಂಚುಗಳನ್ನು ತೋರಿಸುತ್ತಾರೆ: ಇರುವ ಶಕ್ತಿಯನ್ನು ಬಚ್ಚಿಡಬಾರದು, ಮಾರ್ಗಕ್ಕೆ ವಿರೋಧವಾಗಬಾರದು. ಸೋಮಾರಿಯು ಮೊದಲ ಅಂಚನ್ನು ಮೀರುತ್ತಾನೆ, ಅಭಿಮಾನಿಯು ಎರಡನೆಯದನ್ನು. ನಾನು ಎರಡನೆಯ ಅಂಚಿನಿಂದ ಬಿದ್ದವನು.

‘ಶರೀರವು ಹೇಗಿದ್ದರೂ ನಶ್ವರ, ಆತ್ಮನಿಗೆ ಉಪಕಾರವಾದದ್ದು ದೇಹಕ್ಕೆ ಅಪಕಾರವೇ ಅಲ್ಲವೇ?’ ಎಂದು ಹಿರಿಯರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ದೇಹವನ್ನು ಬಿಡುವುದಕ್ಕೂ ನಮ್ಮ ಆಚಾರ್ಯರು ಮರ್ಯಾದೆಯನ್ನು ಹಾಕಿಟ್ಟಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಕಾರಣಗಳನ್ನು ಎಣಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ಹೇಳಿ, ಅವು ಪ್ರತೀಕಾರವಿಲ್ಲದವುಗಳಾಗಿರಬೇಕು ಎಂದು ಕಟ್ಟು ಹಾಕುತ್ತಾರೆ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಲ್ಲಿ ಹೆಸರುಳಿಸಿಹೋದ ಮಹನೀಯರು ಅಂಥ ಎಚ್ಚರದಿಂದ, ಗುರುಸನ್ನಿಧಿಯಲ್ಲಿ, ಅರಿವು ಉಳಿದಿರುವಾಗಲೇ ದೇಹವನ್ನು ಬಿಟ್ಟವರು. ಸಕ್ಕರೆ ಇಳಿದು ಅರಿವುಗೆಟ್ಟು ಬೀಳುವುದಕ್ಕೂ ಅದಕ್ಕೂ ಆಕಾಶ ಪಾತಾಳಗಳ ಅಂತರ. ಮಧುಮೇಹವು ಪ್ರತೀಕಾರವುಳ್ಳ ರೋಗ. ಪ್ರತೀಕಾರವಿರುವಾಗ ಅದನ್ನು ಮಾಡಿಕೊಳ್ಳುವುದು ಗೃಹಸ್ಥನ ಕರ್ತವ್ಯ.

‘ಅಸಾತಾವೇದನೀಯ ಕರ್ಮದ ಉದಯಕ್ಕೆ ಮಾತ್ರೆ ಏನು ಮಾಡೀತು?’ ಎನ್ನುವವರೂ ಉಂಟು. ಕರ್ಮವು ಫಲ ಕೊಡುವುದು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತದಿಂದ ಎಂಬುದನ್ನು ಅವರು ಮರೆತಿದ್ದಾರೆ. ನಿಮಿತ್ತವನ್ನು ಬದಲಿಸುವ ಪುರುಷಾರ್ಥ ನಮ್ಮ ಕೈಯಲ್ಲಿಲ್ಲದಿದ್ದರೆ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವೇಕೆ? ಉಗ್ರಾದಿತ್ಯಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಮಧು ಮದ್ಯ ಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯನ್ನು ಕಲ್ಯಾಣಕಾರಕವೆಂಬ ಗ್ರಂಥದಲ್ಲಿ ಏಕೆ ಬರೆದರು? ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಚಿಕಿತ್ಸೆಗಾಗಿ ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲಿ ಏಕೆ ರಚಿಸಿದ? ವೈದ್ಯವು ನಮ್ಮ ಪರಂಪರೆಗೆ ಪರಕೀಯವಲ್ಲ.

ಈಗ ಪ್ರಸ್ತುತಕ್ಕೆ ಬರೋಣ. ಕಳೆದ ತಿಂಗಳು ನನ್ನ ಮಗನು ಒಂದು ಹೊಸ ಚಿಕಿತ್ಸಾಕ್ರಮದ ವಿಚಾರ ಹೇಳಿದ. ದಿನಕ್ಕೆ ಸುಮಾರು ಎಂಟುನೂರು ಕ್ಯಾಲರಿಯಷ್ಟೇ ಆಹಾರವನ್ನು ಕೆಲವು ವಾರಗಳ ಕಾಲ ಸೇವಿಸಿ ಮಧುಮೇಹವನ್ನು ಹಿಮ್ಮೆಟ್ಟಿಸುವ ಪಥ್ಯ ಅದು. ಮೊದಲು ಕೇಳಿದಾಗ ನನಗೆ ನಗು ಬಂತು. ಅನ್ನ ಬಿಟ್ಟು ಬಿದ್ದವನಿಗೆ ಮತ್ತೆ ಅನ್ನ ಬಿಡುವ ಮದ್ದೇ? ಆದರೆ ವಿವರವಾಗಿ ಓದಿ, ವೈದ್ಯರಲ್ಲಿ ಕೇಳಿ ತಿಳಿದ ಮೇಲೆ ನಗು ನಿಂತಿತು.

ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಎಂಬ ವೈದ್ಯವಿದ್ವಾಂಸರ ತಂಡವು ೨೦೧೧ರಲ್ಲಿ ಹನ್ನೊಂದು ಮಂದಿ ಮಧುಮೇಹಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿತು. ದಿನಕ್ಕೆ ೬೦೦ ಕ್ಯಾಲರಿ, ಎಂಟು ವಾರ. ಒಂದೇ ವಾರದಲ್ಲಿ ಬರಿಹೊಟ್ಟೆಯ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಇಳಿಯಿತು. ಅವರ ವಿವರಣೆ ಹೀಗಿದೆ: ಉಂಡ ಅನ್ನ ದುಡಿಮೆಗಿಂತ ಹೆಚ್ಚಾದಾಗ ಕೊಬ್ಬಾಗಿ ಯಕೃತ್ತಿನಲ್ಲಿ ತುಂಬುತ್ತದೆ. ಕೊಬ್ಬಿದ ಯಕೃತ್ತು ಇನ್ಸುಲಿನ್ನಿನ ಮಾತನ್ನು ಕೇಳದೆ ರಕ್ತಕ್ಕೆ ಸಕ್ಕರೆಯನ್ನು ಸುರಿಯುತ್ತದೆ. ಅಲ್ಲಿಂದ ಹೊರಟ ಕೊಬ್ಬು ಮೇದೋಜೀರಕ ಗ್ರಂಥಿಗೂ ಸೇರಿ, ಇನ್ಸುಲಿನ್ ತಯಾರಿಸುವ ಕಣಗಳನ್ನು ಮಂಕುಗೊಳಿಸುತ್ತದೆ. ಆಹಾರವನ್ನು ಕಡಿದಾಗ ದೇಹವು ಮೊದಲು ಈ ಸಂಗ್ರಹವನ್ನೇ ಕರಗಿಸಿಕೊಳ್ಳುತ್ತದೆ. ಪರಿಗ್ರಹವು ಹೊರಗಿನ ಕಣಜದಲ್ಲಿ ಮಾತ್ರವಲ್ಲ, ಒಳಗಿನ ಯಕೃತ್ತಿನಲ್ಲಿಯೂ ಆಗುತ್ತದೆಂದು ನಾನು ತಿಳಿದುಕೊಂಡೆ.

ಅನಂತರ ಅವರೇ ಗ್ಲಾಸ್ಗೋ ವಿಶ್ವವಿದ್ಯಾಲಯದ ಮೈಕ್ ಲೀನ್ ಅವರೊಡನೆ ಸೇರಿ ಸುಮಾರು ಮುನ್ನೂರು ಮಂದಿಯ ಮೇಲೆ ‘ಡೈರೆಕ್ಟ್’ ಎಂಬ ದೊಡ್ಡ ಪರೀಕ್ಷೆ ನಡೆಸಿದರು. ೨೦೧೭ರಲ್ಲಿ ಅದರ ಮೊದಲ ಫಲ ಹೊರಬಂತು. ಮೂರರಿಂದ ಐದು ತಿಂಗಳು ದಿನಕ್ಕೆ ೮೨೫ರಿಂದ ೮೫೩ ಕ್ಯಾಲರಿ, ಬಳಿಕ ಕ್ರಮಕ್ರಮವಾಗಿ ಊಟಕ್ಕೆ ಮರಳುವುದು. ವರ್ಷದ ಕೊನೆಗೆ ಪಥ್ಯ ಹಿಡಿದವರಲ್ಲಿ ಶೇಕಡ ೪೬ ಮಂದಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಸಾಮಾನ್ಯ ಚಿಕಿತ್ಸೆಯವರಲ್ಲಿ ಶೇಕಡ ೪. ಹದಿನೈದು ಕಿಲೋ ಅಥವಾ ಅದಕ್ಕೂ ಹೆಚ್ಚು ಇಳಿದವರಲ್ಲಿ ಶೇಕಡ ೮೬. ಎರಡನೆಯ ವರ್ಷಕ್ಕೆ ೪೬ ಎಂಬುದು ೩೬ಕ್ಕೆ ಇಳಿಯಿತು. ಐದು ವರ್ಷ ಮಾರ್ಗದರ್ಶನ ಪಡೆಯುತ್ತ ಉಳಿದವರಲ್ಲಿ ಆ ಸ್ಥಿತಿಯನ್ನು ಕಾಯ್ದುಕೊಂಡವರು ಶೇಕಡ ೧೩ ಎಂದು ೨೦೨೪ರಲ್ಲಿ ತಿಳಿಯಿತು. ಈ ಕೊನೆಯ ಅಂಕಿಯನ್ನು ಬಿಟ್ಟು ಮೊದಲಿನದನ್ನು ಮಾತ್ರ ಹೇಳುವುದು ಸತ್ಯಾಣುವ್ರತಕ್ಕೆ ಸಲ್ಲದು. ತೂಕವು ಮರಳಿದಂತೆ ರೋಗವೂ ಮರಳುತ್ತದೆ. ವೈದ್ಯರು ಈ ಸ್ಥಿತಿಯನ್ನು ‘ವಾಸಿ’ ಎನ್ನದೆ ‘ಉಪಶಮನ’ ಎನ್ನುವುದು ಇದಕ್ಕಾಗಿಯೇ. ಶ್ರೇಣಿಯನ್ನೇರುವ ಮುನಿಗೂ ಉಪಶಮ ಬೇರೆ, ಕ್ಷಯ ಬೇರೆ. ಅಡಗಿದ್ದು ಮತ್ತೆ ಏಳಬಲ್ಲದು ಎಂದು ಕರ್ಮಸಿದ್ಧಾಂತ ಓದಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಅವರಿರಲೇಬೇಕು. ಅವರು ಪರ್ವದ ದಿನ ನನ್ನಂತೆ ಬೀಳದಿರಲಿ ಎಂಬುದಕ್ಕಾಗಿ ನನ್ನ ಸಿದ್ಧತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಈ ಪಥ್ಯವು ತಪಸ್ಸೇ? ಬಾಹ್ಯತಪಸ್ಸು ಆರು ವಿಧವೆಂದು ಎಲ್ಲರೂ ಬಲ್ಲಿರಿ: ಅನಶನ, ಅವಮೋದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತೆಂದೂ, ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅವಮೋದರ್ಯವೆಂದೂ ಪೂರ್ವಾಚಾರ್ಯರು ಲೆಕ್ಕ ಹೇಳಿದ್ದಾರೆ. ಹೊರನೋಟಕ್ಕೆ ಈ ಪಥ್ಯವು ಅವಮೋದರ್ಯವನ್ನೇ ಹೋಲುತ್ತದೆ. ಆದರೆ ತಪಸ್ಸಿನ ಪ್ರಯೋಜನ ನಿರ್ಜರೆ, ಪಥ್ಯದ ಪ್ರಯೋಜನ ಆರೋಗ್ಯ. ಆರೋಗ್ಯಕ್ಕಾಗಿ ಮಾಡಿದ್ದನ್ನು ತಪಸ್ಸೆಂದು ಸಾರಿ ಹಾರ ಹಾಕಿಸಿಕೊಂಡರೆ ಮಾಯಾಶಲ್ಯ. ವ್ರತದ ಫಲವಾಗಿ ದೇಹಸುಖ ಬರಲಿ ಎಂದು ಬೇಡಿದರೆ ನಿದಾನಶಲ್ಯ. ಶಲ್ಯವಿಲ್ಲದವನೇ ವ್ರತಿ. ಆದುದರಿಂದ ನಾನು ಇದನ್ನು ಚಿಕಿತ್ಸೆಯೆಂದೇ ಕರೆಯುತ್ತೇನೆ. ಆದರೂ, ಹಸಿವು ಬಂದಾಗ ಇಚ್ಛೆಯನ್ನು ತಡೆದು, ಕಷಾಯವನ್ನು ಏಳಗೊಡದೆ ಸ್ವಾಧ್ಯಾಯದಲ್ಲಿ ಮನಸ್ಸಿಟ್ಟ ಆ ಗಳಿಗೆ ವ್ಯರ್ಥವೆಂದು ಯಾರು ಹೇಳಿಯಾರು? ಹೆಸರು ಚಿಕಿತ್ಸೆಯದಿರಲಿ, ಅಭ್ಯಾಸ ಸಂಯಮದ್ದಾಗಲಿ.

ಸಮಂತಭದ್ರಾಚಾರ್ಯರು ಭೋಗೋಪಭೋಗ ಪರಿಮಾಣವನ್ನು ಹೇಳುವಾಗ, ಜೀವಾವಧಿಯ ತ್ಯಾಗವನ್ನು ಯಮವೆಂದೂ ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ನನ್ನ ಪಥ್ಯ ನಿಯಮ. ಕಾರ್ತೀಕದ ಅಷ್ಟಾಹ್ನಿಕ ಪರ್ವ ಮುಗಿದ ಮೇಲೆ ಆರಂಭ, ಹನ್ನೆರಡು ವಾರ. ಮಾಘದ ಹುಣ್ಣಿಮೆಯ ಹೊತ್ತಿಗೆ ಮುಗಿದು, ಫಾಲ್ಗುಣದ ಅಷ್ಟಾಹ್ನಿಕದ ವೇಳೆಗೆ ಮಿತವಾದ ಊಟಕ್ಕೆ ಮರಳಬೇಕು. ದಶಲಕ್ಷಣ ಪರ್ವ ಈ ಅವಧಿಯಲ್ಲಿ ಬರುವುದಿಲ್ಲ. ಬೇಕೆಂದೇ ಹಾಗೆ ಆರಿಸಿಕೊಂಡದ್ದು.

ಸಿದ್ಧತೆಯಲ್ಲಿ ಮೊದಲನೆಯದು ಆಲೋಚನೆ. ಆಭ್ಯಂತರ ತಪಸ್ಸಿನ ಪ್ರಾಯಶ್ಚಿತ್ತದಲ್ಲಿ ಮೊದಲ ಮೆಟ್ಟಿಲು ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವ ಆಲೋಚನೆ. ಅದಕ್ಕೆ ಹತ್ತು ದೋಷಗಳಿವೆ. ಅವನ್ನು ಮತ್ತೆ ಓದಿದಾಗ, ವೈದ್ಯರ ಮುಂದೆ ನಾವು ಕುಳಿತುಕೊಳ್ಳುವ ರೀತಿಯನ್ನೇ ನೋಡಿ ಬರೆದಂತಿದೆಯಲ್ಲ ಎಂದು ಬೆರಗಾದೆ. ಕಾಣಿಕೆ ಕೊಟ್ಟು ಮನಸ್ಸು ಕರಗಿಸಿ ಲಘುವಾದುದನ್ನು ಪಡೆಯುವುದು ಆಕಂಪಿತ. ನಾನು ತೋಟದ ಬಾಳೆಗೊನೆ ಕೊಂಡುಹೋಗಿ, ‘ಪಥ್ಯ ಸ್ವಲ್ಪ ಸಡಿಲಿಸಿ’ ಎಂದವನು. ಪರರು ಕಂಡ ದೋಷವನ್ನಷ್ಟೇ ಹೇಳುವುದು ಯದ್ದೃಷ್ಟ. ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹೋಳಿಗೆಯನ್ನು ಮಾತ್ರ ಒಪ್ಪಿಕೊಂಡವನು. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ‘ಕಾಫಿಗೆ ಅರ್ಧ ಚಮಚ ಸಕ್ಕರೆ ಹಾಕಿದ್ದೆ’ ಎಂದು ಹೇಳಿ ಉಪವಾಸವನ್ನು ಹೇಳದೆ ಬಿಟ್ಟವನು. ಗದ್ದಲದ ನಡುವೆ ಕೇಳದಂತೆ ಹೇಳುವುದು ಶಬ್ದಾಕುಲಿತ. ಎದ್ದು ಹೊರಡುವಾಗ ಬಾಗಿಲಲ್ಲಿ ಗೊಣಗಿದವನು. ಗುರು ಹೇಳಿದ ಮೇಲೂ ಹಲವರನ್ನು ಕೇಳುತ್ತ ಅಲೆಯುವುದು ಬಹುಜನ. ತನ್ನಂಥದೇ ದೋಷವುಳ್ಳವನ ಬಳಿ ಹೇಳಿಕೊಳ್ಳುವುದು ತತ್ಸೇವಿ. ‘ನಾನೂ ಮಾತ್ರೆ ಬಿಟ್ಟಿದ್ದೇನೆ, ನನಗೇನಾಗಿದೆ?’ ಎನ್ನುವ ಗೆಳೆಯ ಎಲ್ಲ ಊರುಗಳಲ್ಲಿಯೂ ಒಬ್ಬನಿರುತ್ತಾನೆ.

ಈ ಸಲ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ನುಂಗುವ ಮಾತ್ರೆಗಳು, ಮಾಡುವ ಉಪವಾಸಗಳು, ರಾತ್ರಿಭೋಜನ ತ್ಯಾಗ, ಅನಂತ ಚತುರ್ದಶಿಯ ಘಟನೆ, ಅದನ್ನು ಮುಚ್ಚಿಟ್ಟದ್ದು. ವೈದ್ಯರು ಪೂರ್ತಿ ಓದಿ, ‘ಮೇಷ್ಟ್ರೇ, ಇದನ್ನು ಐದು ವರ್ಷದ ಹಿಂದೆಯೇ ಬರೆದುಕೊಡಬಹುದಿತ್ತು’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಎರಡನೆಯದು ಮಾತ್ರೆಗಳ ವ್ಯವಸ್ಥೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಗ್ಲಿಮಿಪಿರೈಡ್ ಜಾತಿಯ ಮಾತ್ರೆಯೂ ಇನ್ಸುಲಿನ್ನೂ ಉಂಡರೂ ಉಣ್ಣದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ನನ್ನನ್ನು ಕೆಡಹಿದ್ದು ಅದೇ. ಡಾಪಾಗ್ಲಿಫ್ಲೋಜಿನ್ ಜಾತಿಯವು ಅಲ್ಪಾಹಾರದಲ್ಲಿ ರಕ್ತವನ್ನು ಆಮ್ಲಗೊಳಿಸುವ ಅಪಾಯವಿದೆ, ಆಗ ಸಕ್ಕರೆ ಅಷ್ಟೇನೂ ಏರದಿರಬಹುದು. ತೂಕ ಇಳಿದಂತೆ ರಕ್ತದ ಒತ್ತಡವೂ ಇಳಿಯುವುದರಿಂದ ಒತ್ತಡದ ಮಾತ್ರೆಯನ್ನು ಹಾಗೆಯೇ ನುಂಗುತ್ತಿದ್ದರೆ ಎದ್ದು ನಿಂತಾಗ ಕಣ್ಣು ಕತ್ತಲಿಡುತ್ತದೆ. ಆ ಪರೀಕ್ಷೆಯಲ್ಲಿ ಈ ಎರಡೂ ಬಗೆಯ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿ, ಅಳತೆ ನೋಡುತ್ತ ಹೋದರು. ನನಗೂ ಯಾವುದನ್ನು ಯಾವ ದಿನ ನಿಲ್ಲಿಸುವುದೆಂದು ಬರೆದುಕೊಟ್ಟಿದ್ದಾರೆ. ನಿಲ್ಲಿಸುವವರು ವೈದ್ಯರು, ನಾನಲ್ಲ. ಮಾತ್ರೆ ನುಂಗಿ ಅನ್ನ ಬಿಡುವುದು ಹೇಗೆ ಪ್ರಮಾದವೋ, ಅನ್ನ ಉಣ್ಣುತ್ತ ಸ್ವೇಚ್ಛೆಯಿಂದ ಮಾತ್ರೆ ಬಿಡುವುದೂ ಹಾಗೆಯೇ ಪ್ರಮಾದ.

ಮೂರನೆಯದು ಪರೀಕ್ಷೆಗಳು. ಮೂರು ತಿಂಗಳ ಸಕ್ಕರೆಯ ಸರಾಸರಿ, ಮೂತ್ರಪಿಂಡ, ಯಕೃತ್ತು, ಹೃದಯ, ಮತ್ತು ಕಣ್ಣಿನ ಹಿಂಭಾಗ. ಸಕ್ಕರೆ ಬೇಗನೆ ಇಳಿದಾಗ ಮೊದಲೇ ಕೆಟ್ಟಿರುವ ಕಣ್ಣು ಇನ್ನಷ್ಟು ಕೆಡಬಹುದಂತೆ. ತೂಕ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು, ಮಲಬದ್ಧತೆ ಸಾಮಾನ್ಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬಾಲ್ಯದಲ್ಲಿಯೇ ಇನ್ಸುಲಿನ್ ಹಿಡಿದ ಮೊದಲ ಬಗೆಯ ಮಧುಮೇಹಿಗಳು, ಕೃಶರು, ಮೂತ್ರಪಿಂಡ ಅಥವಾ ಹೃದಯದ ತೀವ್ರ ರೋಗವುಳ್ಳವರು ಈ ಪಥ್ಯಕ್ಕೆ ಕೂಡತಕ್ಕದ್ದಲ್ಲ. ಆ ಪರೀಕ್ಷೆಗೆ ಸೇರಿಸಿಕೊಂಡದ್ದು ಇಪ್ಪತ್ತರಿಂದ ಅರವತ್ತೈದು ವಯಸ್ಸಿನ, ರೋಗ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ಇಲ್ಲದ ಸ್ಥೂಲರನ್ನು. ನನ್ನ ವಯಸ್ಸು ಅರವತ್ತನಾಲ್ಕು, ರೋಗಕ್ಕೆ ಐದು, ತೂಕ ಎಂಬತ್ತೊಂದು ಕಿಲೋ. ಬಾಗಿಲು ಮುಚ್ಚುವ ಹೊತ್ತಿಗೆ ಒಳಗೆ ಕಾಲಿಟ್ಟವನು ನಾನು.

ನಾಲ್ಕನೆಯದು ಅಡುಗೆಮನೆಯ ಲೆಕ್ಕ. ಹರದನೆಂದರೆ ಹಳಗನ್ನಡದಲ್ಲಿ ವ್ಯಾಪಾರಿ. ಆ ಹೆಸರಿನ ಊರಿನಲ್ಲಿದ್ದು ಲೆಕ್ಕ ತಪ್ಪಬಾರದಷ್ಟೆ. ನೂರು ಗ್ರಾಮ್ ರಾಗಿಹಿಟ್ಟಿನ ಒಂದು ಮುದ್ದೆಗೆ ಸುಮಾರು ೩೨೦ ಕ್ಯಾಲರಿ. ಎರಡು ಮುದ್ದೆಗಳಿಗೇ ದಿನದ ಪಾಲು ಬಹುಮಟ್ಟಿಗೆ ಮುಗಿಯಿತು. ಹತ್ತು ಗ್ರಾಮ್ ತುಪ್ಪಕ್ಕೆ ೯೦. ಒಂದು ಚಮಚ ಸಕ್ಕರೆಗೆ ೨೦. ಇಷ್ಟು ಕಿರಿದಾದ ಜಾಗದಲ್ಲಿ ದೇಹಕ್ಕೆ ಬೇಕಾದ ಸಾರ, ಲವಣ, ಜೀವಸತ್ವಗಳನ್ನೆಲ್ಲ ಮನೆಯ ಅಡುಗೆಯಿಂದಲೇ ತುಂಬುವುದು ಕಷ್ಟ. ಆದ್ದರಿಂದಲೇ ಅಲ್ಲಿ ಅಳತೆಯ ಪುಡಿಗಳನ್ನು ಕೊಟ್ಟರು. ನನಗೆ ದಿನಕ್ಕೆ ಮೂರು ಪೊಟ್ಟಣ ಪುಡಿ, ಒಂದು ಹೊತ್ತು ಬೇಯಿಸಿದ ತರಕಾರಿ, ನೀರು ಮಜ್ಜಿಗೆ ಎಂದು ಪಥ್ಯತಜ್ಞರು ಗೊತ್ತುಮಾಡಿದ್ದಾರೆ. ಪುಡಿಯ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನಮಗೆ ಸಾಲದು. ಜೇನಿಗೂ ಬೆಳ್ಳುಳ್ಳಿಗೂ ಅದೇ ಚುಕ್ಕೆ ಸಲ್ಲುತ್ತದೆ. ಘಟಕಗಳ ಪಟ್ಟಿಯನ್ನು ಕನ್ನಡಕ ಹಾಕಿ ಓದಿಯೇ ಕೊಳ್ಳಬೇಕು. ಕಂದಮೂಲಗಳ ತ್ಯಾಗವು ಇಲ್ಲಿ ನಮಗೆ ತೊಡಕಲ್ಲ, ಸಹಾಯ. ಆಲೂಗೆಡ್ಡೆಯ ಆಸೆ ಮೊದಲೇ ಕಡಿದಿದೆ. ಬೇಳೆಯನ್ನು ಹಸಿಯ ಮೊಸರಿನೊಡನೆ ಕೂಡಿಸದ ದ್ವಿದಳ ನಿಯಮಕ್ಕೂ ಭಂಗವಿಲ್ಲ. ಎರಡನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟರಾಯಿತು.

ಐದನೆಯದು ನೀರು ಮತ್ತು ರಾತ್ರಿ. ದಿನಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ಗಾಳಿಸಿದ ನೀರನ್ನು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಕುಡಿಯಬೇಕು. ಮಾಗಿಯ ಹಗಲು ಚಿಕ್ಕದು, ಮರೆತರೆ ಸಂಜೆ ಆಗಿಯೇ ಹೋಗುತ್ತದೆ. ಅದಕ್ಕಾಗಿ ಎರಡು ತಂಬಿಗೆ ಗುರುತಿಟ್ಟಿದ್ದೇನೆ. ಇನ್ನು ರಾತ್ರಿಯಲ್ಲಿ ಸಕ್ಕರೆ ಇಳಿದರೆ? ಈ ಪ್ರಶ್ನೆ ನನ್ನ ನಿದ್ದೆ ಕೆಡಿಸಿತ್ತು. ಪೂಜ್ಯ ಮುನಿಗಳೊಬ್ಬರ ಸನ್ನಿಧಿಗೆ ಹೋಗಿ ಕೇಳಿದೆ. ಅವರೆಂದರು: ‘ಮೊದಲು ಅಂಥ ಸಂದರ್ಭ ಬಾರದಂತೆ ವೈದ್ಯರಿಂದ ಮಾತ್ರೆ ಸರಿಪಡಿಸಿಕೊಳ್ಳಿ, ಅದು ವ್ರತರಕ್ಷಣೆಯೇ. ವ್ರತ ತೆಗೆದುಕೊಳ್ಳುವಾಗಲೇ ಪ್ರಾಣಾಪಾಯದ ಔಷಧವನ್ನು ಹೊರತಾಗಿ ಹೇಳಿ ತೆಗೆದುಕೊಳ್ಳಿ. ಆದರೂ ಬಂದರೆ ಸಕ್ಕರೆ ತಿನ್ನಿ, ಬೆಳಿಗ್ಗೆ ಬಂದು ಪ್ರಾಯಶ್ಚಿತ್ತ ಕೇಳಿ. ಎಚ್ಚರವಿರುವವನಿಗೆ ಪ್ರಾಯಶ್ಚಿತ್ತ ಉಂಟು, ಎಚ್ಚರವಿಲ್ಲದವನಿಗೆ ಸಾಮಾಯಿಕವೂ ಇಲ್ಲ.’ ಆ ದಿನ ಬಸದಿಯಲ್ಲಿ ನಾನು ಬಿಗಿಹಿಡಿದ ಬಾಯಿಗೆ ಇದೇ ಉತ್ತರ. ಅಳೆದಾಗ ಎಪ್ಪತ್ತಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯುವುದು, ಹದಿನೈದು ನಿಮಿಷಕ್ಕೆ ಮತ್ತೆ ಅಳೆಯುವುದು, ವೈದ್ಯರಿಗೆ ತಿಳಿಸುವುದು. ಅಳತೆಯ ಯಂತ್ರವನ್ನು ಹಿಡಿಯಲು ನನ್ನ ಮನೆಯವರೂ ಕಲಿತಿದ್ದಾರೆ. ಹೇಳಿದಷ್ಟು ಸಲ ಮಾತ್ರ ಅಳೆಯುವುದು. ದಿನವೆಲ್ಲ ಬೆರಳು ಚುಚ್ಚುತ್ತ ಕುಳಿತರೆ ಅದು ವೇದನೆಯನ್ನೇ ಧ್ಯಾನಿಸುವ ಆರ್ತಧ್ಯಾನವಾದೀತು.

ಅಷ್ಟಮಿ ಚತುರ್ದಶಿಗಳಲ್ಲಿ ಏನು? ಈ ಹನ್ನೆರಡು ವಾರ ಸಂಪೂರ್ಣ ಅನಶನ ಬೇಡವೆಂದು ಗುರುಗಳೂ ವೈದ್ಯರೂ ಹೇಳಿದ್ದಾರೆ. ಇಬ್ಬರ ಮಾತು ಒಂದೇ ಆದದ್ದು ನನ್ನ ಭಾಗ್ಯ. ಆ ದಿನಗಳಲ್ಲಿ ಅದೇ ಅಳತೆಯ ಆಹಾರ, ಜೊತೆಗೆ ಉಪ್ಪಿನ ಹೊರತಾದ ಒಂದು ರಸದ ತ್ಯಾಗ, ಒಂದು ಸಾಮಾಯಿಕ ಹೆಚ್ಚು, ಮೌನ ಹೆಚ್ಚು. ನಲವತ್ತು ವರ್ಷ ಅನಶನವನ್ನು ಮಾಡಿದವನಿಗೆ ಅದನ್ನು ಮಾಡದಿರುವುದು ಕಷ್ಟವಾಗುತ್ತಿದೆ. ಜನ ಏನೆಂದಾರು ಎಂಬ ಯೋಚನೆಯೂ ಬರುತ್ತಿದೆ. ಹಾಗಾದರೆ ಇಷ್ಟು ವರ್ಷ ಹೊಟ್ಟೆಯನ್ನು ಹಸಿಯಿಸಿ ಮಾನಕಷಾಯಕ್ಕೆ ಉಣಿಸುತ್ತಿದ್ದೆನೇ? ಈ ಪ್ರಶ್ನೆಯೇ ನನ್ನ ಪಾಲಿನ ನಿಜವಾದ ಉಪವಾಸ.

ಕೊನೆಯದು ಪಾರಣೆ. ನಮ್ಮಲ್ಲಿ ಉಪವಾಸ ಕೆಡುವುದು ಪಾರಣೆಯ ದಿನ. ಹಿಂದಿನ ದಿನದ ಹಸಿವನ್ನು ಹೋಳಿಗೆ, ಪಾಯಸ, ತುಪ್ಪಗಳಿಂದ ಬಡ್ಡಿಸಹಿತ ತೀರಿಸುತ್ತೇವೆ. ಮಧುಮೇಹಿಗೆ ಇದು ಎರಡು ಅಲಗಿನ ಕತ್ತಿ. ಡೈರೆಕ್ಟ್ ಪರೀಕ್ಷೆಯಲ್ಲಿ ಊಟಕ್ಕೆ ಮರಳಲು ಎರಡರಿಂದ ಎಂಟು ವಾರ ತೆಗೆದುಕೊಂಡರು. ಒಂದು ಪೊಟ್ಟಣ ಬಿಟ್ಟು ಒಂದು ಸಣ್ಣ ಊಟ, ಆಮೇಲೆ ಇನ್ನೊಂದು. ಪಥ್ಯದಲ್ಲಿ ಗೆದ್ದವರು ಮುಂದಿನ ವರ್ಷಗಳಲ್ಲಿ ಸೋತದ್ದು ತೂಕವು ಮರಳಿದ್ದರಿಂದ. ಆದ್ದರಿಂದ ಹನ್ನೆರಡು ವಾರದ ನಿಯಮ ಮುಗಿದಾಗ ಅವಮೋದರ್ಯದ ಯಮ ಆರಂಭವಾಗಬೇಕು. ಒಂದೇ ಮುದ್ದೆ, ಬಟ್ಟಲು ತುಂಬ ಹುರುಳಿ ಅಥವಾ ಅವರೆಯ ಸಾರು, ಪಲ್ಯ, ಸಂಜೆಯ ನಡಿಗೆ. ಹೊಟ್ಟೆಯಲ್ಲಿ ಕೆಲವು ತುತ್ತಿನ ಜಾಗ ಸದಾ ಖಾಲಿ ಇರಲಿ. ಈ ವ್ರತಕ್ಕೆ ಅದೇ ಉದ್ಯಾಪನೆ. ಅದಕ್ಕೆ ಪಂಕ್ತಿಭೋಜನವಿಲ್ಲ.

ನಾನು ಗೆಲ್ಲುವೆನೋ ಸೋಲುವೆನೋ ತಿಳಿಯದು. ಸಕ್ಕರೆ ಇಳಿಯದಿದ್ದರೆ ಮಾತ್ರೆಗೆ ಮರಳುವುದರಲ್ಲಿ ಅಪಮಾನವಿಲ್ಲ. ಮಾತ್ರೆಯೂ ಯಾರೋ ಪುಣ್ಯಾತ್ಮರು ಜಗತ್ತಿಗೆ ಮಾಡಿದ ಔಷಧದಾನವೇ. ಅರಿಕುಠಾರವೆಂಬ ಹಳೆಯ ಹೆಸರಿನ ನಮ್ಮ ಚಾಮರಾಜನಗರದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ೧೧೧೭ರ ಶಾಸನದಲ್ಲಿ ಸ್ಮರಣೀಯನಾಗಿದ್ದಾನೆ. ಬಸದಿ ಕಟ್ಟಿಸಿದ ಆತನು ಕೆಟ್ಟುಹೋದ ವ್ಯಾಪಾರಿ, ಬಿತ್ತಲು ಬೀಜವಿಲ್ಲದ ಒಕ್ಕಲಿಗ ಮೊದಲಾದವರಿಗೆ ಅವರವರು ಕಳೆದುಕೊಂಡದ್ದನ್ನು ಅವರವರಿಗೆ ಕೊಟ್ಟನಂತೆ. ಎಲ್ಲರಿಗೂ ಒಂದನ್ನೇ ಕೊಡಲಿಲ್ಲ ಎಂಬುದನ್ನು ಗಮನಿಸಿ. ಉಪವಾಸವೂ ಹಾಗೆಯೇ. ಆರೋಗ್ಯವಂತನಿಗೆ ಅನಶನ, ರೋಗಿಗೆ ಮಿತಾಹಾರ, ಅಶಕ್ತನಿಗೆ ಸ್ವಾಧ್ಯಾಯ. ಅವರವರ ಶಕ್ತಿಗೆ ಅವರವರ ತಪಸ್ಸು.

ಧರ್ಮಬಂಧುಗಳಲ್ಲಿ ನನ್ನ ವಿನಂತಿ ಎರಡೇ. ನಿಮ್ಮ ಮನೆಯಲ್ಲಿ ಮಧುಮೇಹಿಯೊಬ್ಬರು ಪರ್ವದ ಉಪವಾಸಕ್ಕೆ ಕುಳಿತರೆ ಅವರನ್ನು ಹೊಗಳುವುದಕ್ಕೆ ಮೊದಲು, ‘ವೈದ್ಯರಿಗೆ ಹೇಳಿದ್ದೀರಾ?’ ಎಂದು ಕೇಳಿ. ಅವರು ಉಪವಾಸ ಬಿಟ್ಟು ಅಳತೆಯ ಆಹಾರ ತೆಗೆದುಕೊಂಡರೆ ಹೀಯಾಳಿಸಬೇಡಿ. ಸ್ಥಿತಿಕರಣವೂ ಸಮ್ಯಗ್ದರ್ಶನದ ಒಂದು ಅಂಗ. ಬಿದ್ದವನಾಗಿ ಕೇಳುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಬಿಸಿಲಿನ ಮೇಲೆ ಹೊರಿಸಿದ ದೋಷವನ್ನು ಈ ಪುಟಗಳಲ್ಲಿ ನನ್ನ ಮೇಲೆ ತೆಗೆದುಕೊಂಡಿದ್ದೇನೆ. ಅಂದು ಸುಳ್ಳನ್ನು ನಂಬಿದ ಸಹಧರ್ಮಿಗ��ೆಲ್ಲರೂ ಕ್ಷಮಿಸಬೇಕು. ಈ ಲೇಖನವನ್ನು ಮೊದಲು ಮನೆಯವರಿಗೆ ಓದಿ ಹೇಳಿದೆ. ಅವರು, ‘ಸಕ್ಕರೆ ಡಬ್ಬಿ ನಿಮ್ಮ ತಲೆದೆಸೆಯಲ್ಲಿಟ್ಟಿದ್ದೀನಿ, ಇನ್ನು ಬಾಯಿ ಬಿಗಿಹಿಡಿಯಬೇಡಿ’ ಎಂದಷ್ಟೇ ಹೇಳಿ ಒಳಗೆ ಹೋದರು.

ಸರ್ವ ಜೀವರಿಗೂ ಕ್ಷೇಮವಾಗಲಿ. ಇತ್ಯಲಂ.